ಲಾರೆನ್ಸ್ ಎಂಬ ಹೆಸರು ಎಲ್ಲೆಲ್ಲಿಗೆ ಹೋಯಿತು

ಎಲ್ ಅಂಡ್ ಟಿ ಕಂಪನಿಯ ಹೆಸರಿನಲ್ಲಿರುವ 'ಎಲ್', ಕಾರ್ಕಳದ ಅತ್ತೂರು ಜಾತ್ರೆಯ ಸಂತ, ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿ ಬರುವ ಲೊರೆಂಟ್ಸ್ ಬಲ, ಗೂಗಲ್ ಕಟ್ಟಿದ ಇಬ್ಬರಲ್ಲಿ ಒಬ್ಬನಾದ ಲ್ಯಾರಿ (ಪೂರ್ತಿ ಹೆಸರು ಲಾರೆನ್ಸ್) ಪೇಜ್, ಕೆನಡಾದ ಸೇಂಟ್ ಲಾರೆನ್ಸ್ ನದಿ. ಒಂದಕ್ಕೊಂದು ಸಂಬಂಧವೇ ಇಲ್ಲವೆಂದು ಕಾಣುವ ಇವೆಲ್ಲ ಒಂದೇ ಹೆಸರಿನ ಮಕ್ಕಳು ಮೊಮ್ಮಕ್ಕಳು. ಮೂಲ ಹೆಸರು ಲ್ಯಾಟಿನ್ನಿನ ಲೌರೆಂಟಿಯುಸ್. ಇಂಗ್ಲಿಷಿನ ಮೂಲಕ ನಮಗೆ ಬಂದ ರೂಪ ಲಾರೆನ್ಸ್.

ಮಗುವಿಗೆ ಹೆಸರು ಹುಡುಕುವವರಿಗಾಗಿ ಅಚ್ಚಾಗುವ ಪಟ್ಟಿಗಳಲ್ಲಿ ಲಾರೆನ್ಸ್ ಎದುರಿಗೆ ಸಾಮಾನ್ಯವಾಗಿ 'ವಿಜಯಿ' ಎಂದೋ 'ಲಾರೆಲ್ ಎಲೆಯ ಕಿರೀಟ ತೊಟ್ಟವನು' ಎಂದೋ ಅರ್ಥ ಬರೆದಿರುತ್ತಾರೆ. ಕೇಳಲು ಚೆಂದ, ಆದರೆ ಅರ್ಧಸತ್ಯ. ಲೌರೆಂಟಿಯುಸ್ ಎಂದರೆ ನೇರವಾಗಿ 'ಲೌರೆಂಟುಮ್ ಊರಿನವನು' ಎಂದಷ್ಟೇ. ಕಿರೀಟವೂ ಇಲ್ಲ, ವಿಜಯವೂ ಇಲ್ಲ. ಹಾನಗಲ್, ಕುವೆಂಪು ಹೆಸರಿನ ಕುಪ್ಪಳಿ, ಮನ್ಸೂರ ಎಂದು ಊರನ್ನೇ ಹೆಸರಿಗೆ ಅಂಟಿಸಿಕೊಂಡ ನಮಗೆ ಇದರಲ್ಲಿ ವಿಶೇಷವೇನೂ ಕಾಣದು.

ಲೌರೆಂಟುಮ್ ಇದ್ದದ್ದು ರೋಮಿನ ನೈಋತ್ಯಕ್ಕೆ, ಟೈಬರ್ ನದಿ ಸಮುದ್ರ ಸೇರುವ ಕಡೆಯಿಂದ ಸ್ವಲ್ಪ ದಕ್ಷಿಣದ ಕಡಲತೀರದಲ್ಲಿ. ಕ್ರಿಸ್ತಶಕ ಒಂದನೇ ಶತಮಾನದ ಹೊತ್ತಿಗೆ ಅದು ಶ್ರೀಮಂತರು ರಜೆ ಕಳೆಯಲು ಹೋಗುವ ಪ್ರದೇಶವಾಗಿತ್ತು. ರೋಮನ್ ಲೇಖಕ ಕಿರಿಯ ಪ್ಲಿನಿಗೆ ಅಲ್ಲೊಂದು ತೋಟದ ಬಂಗಲೆ ಇತ್ತು. ರೋಮಿನಿಂದ 17 ಮೈಲಿ, ದಿನದ ಕೆಲಸ ಮುಗಿಸಿಕೊಂಡೇ ಹೊರಟು ತಲುಪಬಹುದು ಎಂದು ಗೆಳೆಯನಿಗೆ ಪತ್ರ ಬರೆದು ಕೊಚ್ಚಿಕೊಂಡಿದ್ದಾನೆ. ಬೆಂಗಳೂರಿನವರು ನಂದಿಬೆಟ್ಟದ ಬುಡದಲ್ಲಿ ಸೈಟು ಕೊಂಡು ಹೇಳುವ ಮಾತು ಇದೇ ತಾನೆ!

ಲಾರೆಲ್ ಮರ ನಡುವೆ ಬಂದದ್ದು ಹೇಗೆಂದರೆ, ಊರಿನ ಹೆಸರಿಗೇ ಆ ಮರ ಕಾರಣ ಎಂದು ರೋಮನ್ನರು ನಂಬಿದ್ದರು. ಲ್ಯಾಟಿನ್ನಿನಲ್ಲಿ ಮರದ ಹೆಸರು ಲೌರುಸ್. ಲ್ಯಾಟಿನುಸ್ ಎಂಬ ರಾಜ ಕೋಟೆ ಕಟ್ಟಲು ಹೊರಟಾಗ ಅಲ್ಲೊಂದು ಲಾರೆಲ್ ಮರ ಸಿಕ್ಕಿತು, ಅದನ್ನು ಅಪೊಲೊ ದೇವರಿಗೆ ಮುಡಿಪಿಟ್ಟು ತನ್ನ ಜನಕ್ಕೆ ಲೌರೆಂಟೆಸ್ ಎಂದು ಹೆಸರಿಟ್ಟ ಎಂಬ ಕಥೆಯನ್ನು ವರ್ಜಿಲ್ ತನ್ನ ಮಹಾಕಾವ್ಯದ ಏಳನೇ ಭಾಗದಲ್ಲಿ ಹೇಳುತ್ತಾನೆ. ಇದು ಸ್ಥಳಪುರಾಣ. ಎಷ್ಟು ನಂಬಬೇಕೋ ಅಷ್ಟೇ ನಂಬಬೇಕು. ಆದರೆ ಯುದ್ಧ ಗೆದ್ದ ಸೇನಾಪತಿ ಲಾರೆಲ್ ಎಲೆಯ ಮಾಲೆ ತಲೆಗೆ ಸುತ್ತಿಕೊಂಡು ರೋಮ್ ಪ್ರವೇಶಿಸುತ್ತಿದ್ದದ್ದು ಇತಿಹಾಸ. ನೊಬೆಲ್ ಪಡೆದವರನ್ನು ಲಾರಿಯೇಟ್ ಎನ್ನುವುದರ ಹಿಂದಿರುವುದೂ ಅದೇ ಎಲೆ.

ಆ ಎಲೆ ಹೇಗಿರುತ್ತದೆ ಎಂದು ಕೇಳಿದರೆ ಅಡುಗೆಮನೆಗೆ ಹೋಗಿ ಪಲಾವ್ ಎಲೆ ತರುವವರಿದ್ದಾರೆ. ಅದು ಇದಲ್ಲ. ನಮ್ಮ ಪಲಾವ್ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ತೊಟ್ಟಿನ ಹತ್ತಿರದಿಂದ ತುದಿಯವರೆಗೆ ಉದ್ದಕ್ಕೆ ಮೂರು ನರಗಳು ಓಡಿರುತ್ತವೆ. ಮೆಡಿಟರೇನಿಯನ್ ಲಾರೆಲ್ ಎಲೆಗೆ ನಡುವೆ ಒಂದೇ ನರ. ಎಲೆಯೂ ಗಿಡ್ಡ. ನಮ್ಮದು ದಾಲ್ಚಿನ್ನಿಯ ಒಡಹುಟ್ಟು, ಮುರಿದರೆ ಚಕ್ಕೆಯದೇ ವಾಸನೆ. ಎರಡೂ ಒಂದೇ ಸಸ್ಯ ಕುಟುಂಬಕ್ಕೆ ಸೇರಿದವು ಎಂಬುದು ನಿಜ. ಆ ಕುಟುಂಬಕ್ಕೆ ಸಸ್ಯಶಾಸ್ತ್ರಜ್ಞರು ಇಟ್ಟಿರುವ ಹೆಸರು ಲಾರೇಸಿ. ಬೆಣ್ಣೆಹಣ್ಣು ಕೂಡ ಅದರಲ್ಲೇ ಬರುತ್ತದೆ.

ಸರಿ, ಇಷ್ಟಾದರೆ ಲೌರೆಂಟಿಯುಸ್ ಒಂದು ಮಾಮೂಲಿ ಊರಹೆಸರಾಗಿ ಉಳಿದು ಅಳಿಯಬೇಕಿತ್ತು. ರೋಮನ್ ಗಂಡಸಿಗೆ ಸಾಮಾನ್ಯವಾಗಿ ಮೂರು ಹೆಸರು. ಮೊದಲನೆಯದು ಮನೆಯಲ್ಲಿ ಕರೆಯುವುದಕ್ಕೆ. ಗಾಯುಸ್, ಮಾರ್ಕುಸ್, ಲೂಸಿಯುಸ್ ಎಂದು ಬೆರಳೆಣಿಕೆಯವು ಮಾತ್ರ ಬಳಕೆಯಲ್ಲಿದ್ದವು. ಎರಡನೆಯದು ಕುಲದ ಹೆಸರು. ಮೂರನೆಯದು ಊರು, ರೂಪ, ಗುಣ ಏನನ್ನಾದರೂ ಹೇಳುವ ಅಡ್ಡಹೆಸರು. ಸಾಮ್ರಾಜ್ಯದ ಕಾಲ ಮುಂದುವರಿದಂತೆ ಮೊದಲೆರಡು ಸವೆದು, ಮೂರನೆಯದೇ ಮನುಷ್ಯನ ನಿಜವಾದ ಗುರುತಾಯಿತು. ಲೌರೆಂಟಿಯುಸ್ ಈ ಮೂರನೇ ಸಾಲಿನದು. ಇಂಥ ಸಾವಿರಾರು ಹೆಸರುಗಳು ಗೋರಿಕಲ್ಲುಗಳ ಮೇಲಷ್ಟೇ ಉಳಿದಿವೆ. ಇದೊಂದು ಉಳಿದು ಬೆಳೆದದ್ದಕ್ಕೆ ಕಾರಣ ಒಬ್ಬ ವ್ಯಕ್ತಿ, ಇನ್ನೂ ಸರಿಯಾಗಿ ಹೇಳಬೇಕೆಂದರೆ ಅವನ ಸಾವಿನ ತಾರೀಖು.

ಕ್ರಿಸ್ತಶಕ 258. ರೋಮಿನಲ್ಲಿ ವಲೇರಿಯನ್ ಚಕ್ರವರ್ತಿ ಕ್ರೈಸ್ತ ಧರ್ಮಗುರುಗಳನ್ನು ಹಿಡಿದು ಕೊಲ್ಲಿಸುತ್ತಿದ್ದ ಕಾಲ. ಆಗಸ್ಟ್ 6ರಂದು ಪೋಪ್ ಎರಡನೇ ಸಿಕ್ಸ್ಟಸ್ ಕೊಲೆಯಾದರು. ಅವರ ಕೈಕೆಳಗಿನ ಡೀಕನ್, ಅಂದರೆ ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗಿನ ಧರ್ಮಸೇವಕ, ಲೌರೆಂಟಿಯುಸ್ ಚರ್ಚಿನ ಹಣಕಾಸು ಮತ್ತು ಬಡವರ ದಾನಧರ್ಮ ನೋಡಿಕೊಳ್ಳುತ್ತಿದ್ದವನು. ಚರ್ಚಿನ ಸಂಪತ್ತನ್ನೆಲ್ಲ ತಂದೊಪ್ಪಿಸು ಎಂದು ಅಧಿಕಾರಿ ಕೇಳಿದಾಗ ಮೂರು ದಿನ ಸಮಯ ಪಡೆದು, ಕುರುಡರು, ಕುಂಟರು, ವಿಧವೆಯರು, ಭಿಕ್ಷುಕರನ್ನು ಕೂಡಿಸಿ ಕರೆತಂದು 'ಇದೇ ನಮ್ಮ ಸಂಪತ್ತು' ಎಂದನಂತೆ. ಆಗಸ್ಟ್ 10ರಂದು ಅವನನ್ನು ಕಬ್ಬಿಣದ ಸರಳಿನ ಮಂಚದ ಮೇಲೆ ಮಲಗಿಸಿ ಕೆಳಗೆ ಕೆಂಡ ಹಾಕಿ ಸುಟ್ಟರೆಂಬುದು ಪರಂಪರೆಯ ಕಥೆ. 'ಈ ಮಗ್ಗುಲು ಬೆಂದಿದೆ, ಮಗುಚಿ ಹಾಕಿ' ಎಂದು ಸಾಯುವಾಗಲೂ ತಮಾಷೆ ಮಾಡಿದನೆಂದು ನಾಲ್ಕನೇ ಶತಮಾನದ ಕೊನೆಯಲ್ಲಿ ಮಿಲಾನಿನ ಸಂತ ಆಂಬ್ರೋಸ್ ಬರೆದಿದ್ದಾರೆ.

ಇತಿಹಾಸಕಾರರು ಇದನ್ನು ಪೂರ್ತಿ ಒಪ್ಪುವುದಿಲ್ಲ. ಧರ್ಮಗುರುಗಳನ್ನು ಹಿಡಿದ ಕೂಡಲೇ ಕೊಲ್ಲಬೇಕೆಂದು ವಲೇರಿಯನ್ನನ ಆಜ್ಞೆ ಇತ್ತು ಎಂಬುದಕ್ಕೆ ಅದೇ ಕಾಲದ ಪತ್ರದ ಆಧಾರವಿದೆ. ಹಾಗಾಗಿ ಮೂರು ದಿನದ ಗಡುವು, ನಿಧಾನವಾಗಿ ಸುಡುವುದು ಎರಡೂ ಅನುಮಾನ. ಕತ್ತಿಯಿಂದ ಕೊಂದಿರುವ ಸಾಧ್ಯತೆಯೇ ಹೆಚ್ಚು. ಆದರೆ ಜನಮನಸ್ಸಿಗೆ ಹತ್ತಿದ್ದು ಸರಳಿನ ಮಂಚವೇ. ಚಿತ್ರಗಳಲ್ಲಿ, ಪ್ರತಿಮೆಗಳಲ್ಲಿ ಸಂತ ಲಾರೆನ್ಸರ ಕೈಯಲ್ಲಿ ಅದೇ ಇರುತ್ತದೆ. ಅಡುಗೆಯವರಿಗೆ ಇವರೇ ಪಾಲಕ ಸಂತ! ಭಕ್ತಿಗೂ ಕರಾಳ ಹಾಸ್ಯಕ್ಕೂ ಇಷ್ಟು ಸಲೀಸಾದ ಹೊಂದಾಣಿಕೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನು ಮುಂದಿನದು ಈ ಹೆಸರಿನ ನಿಜವಾದ ಕಥೆ. ನಮ್ಮಲ್ಲಿ ಮಗು ಹುಟ್ಟಿದ ನಕ್ಷತ್ರದ ಪಾದ ನೋಡಿ ಚು, ಚೆ, ಚೊ ಎಂದು ಅಕ್ಷರ ಹುಡುಕಿ ಹೆಸರಿಡುವ ಹಾಗೆ, ಕ್ಯಾಥೊಲಿಕ್ ಯುರೋಪಿನಲ್ಲಿ ಪಂಚಾಂಗದ ಆ ದಿನ ಯಾವ ಸಂತರದೋ ಅವರ ಹೆಸರಿಡುವ ರೂಢಿ ಬೆಳೆಯಿತು. ಮಗುವಿಗೆ ಮಾತ್ರವಲ್ಲ, ಆ ದಿನ ಕಣ್ಣಿಗೆ ಬಿದ್ದ ದ್ವೀಪಕ್ಕೆ, ಆ ದಿನ ಗೆದ್ದ ಯುದ್ಧದ ನೆನಪಿನ ಕಟ್ಟಡಕ್ಕೆ, ಆ ದಿನಗಳಲ್ಲಿ ಬೀಳುವ ಉಲ್ಕೆಗಳಿಗೂ. ಲಾರೆನ್ಸ್ ಹೆಸರು ಭೂಪಟದ ಮೇಲೆ ಹರಡಿದ್ದು ಅದರ ಅರ್ಥದ ಬಲದಿಂದಲ್ಲ, ಆಗಸ್ಟ್ 10ರ ಬಲದಿಂದ.

ಕ್ರಿಸ್ತಶಕ 955ರ ಆಗಸ್ಟ್ 10ರಂದು ಜರ್ಮನಿಯ ದೊರೆ ಒಟ್ಟೊ, ಲೆಕ್‌ಫೆಲ್ಡ್ ಬಯಲಿನಲ್ಲಿ ಹಂಗೇರಿಯ ಸವಾರರನ್ನು ಸೋಲಿಸಿದ. ಯುದ್ಧಕ್ಕೆ ಮೊದಲು ಆ ದಿನದ ಸಂತನಿಗೆ ಹರಕೆ ಹೊತ್ತಿದ್ದ. ಜರ್ಮನ್ನರಲ್ಲಿ ಸಂತ ಲಾರೆನ್ಸರ ಭಕ್ತಿಗೆ ಅಲ್ಲಿಂದ ಮುಂದೆ ಹೊಸ ಕಸುವು ಬಂತು. ಸುಮಾರು 600 ವರ್ಷಗಳ ನಂತರ, 1557ರ ಆಗಸ್ಟ್ 10ರಂದೇ ಸ್ಪೇನಿನ ಎರಡನೇ ಫಿಲಿಪ್‌ನ ಸೇನೆ ಸೇಂಟ್ ಕ್ವೆಂಟಿನ್‌ನಲ್ಲಿ ಫ್ರೆಂಚರನ್ನು ಗೆದ್ದಿತು. ಅದರ ನೆನಪಿಗೆ ದೊರೆ ಮ್ಯಾಡ್ರಿಡ್ ಹತ್ತಿರ ಅರಮನೆ, ಮಠ, ರಾಜಸಮಾಧಿ ಮೂರೂ ಒಂದರಲ್ಲೇ ಇರುವ ಸಾನ್ ಲೊರೆನ್ಸೊ ದೆ ಎಲ್ ಎಸ್ಕೊರಿಯಲ್ ಕಟ್ಟಿಸಿದ. 1563ರಲ್ಲಿ ಶುರುವಾಗಿ 1584ರಲ್ಲಿ ಮುಗಿದ ಆ ಕಟ್ಟಡವನ್ನು ಮೇಲಿನಿಂದ ನೋಡಿದರೆ ಅಂಗಳಗಳ ಸಾಲು ಜಾಲರಿಯಂತೆ ಕಾಣುತ್ತದೆ. ಸಂತನನ್ನು ಸುಟ್ಟ ಸರಳಿನ ಮಂಚದ ಆಕಾರವೇ ಅದು ಎಂದು ಹಿಂದಿನಿಂದ ಹೇಳುತ್ತ ಬಂದಿದ್ದಾರೆ.

ನಾವಿಕರದ್ದು ಇನ್ನೂ ಸುಲಭದ ದಾರಿ. ಹೊಸ ಜಾಗ ಕಂಡರೆ ಪಂಚಾಂಗ ತೆರೆದು ನೋಡುವುದು, ಹೆಸರಿಟ್ಟು ಮುಂದೆ ಹೋಗುವುದು. 1535ರ ಆಗಸ್ಟ್ 10ರಂದು ಫ್ರೆಂಚ್ ನಾವಿಕ ಜಾಕ್ ಕಾರ್ಟಿಯೆ ಇಂದಿನ ಕೆನಡಾದ ಕರಾವಳಿಯ ಒಂದು ಸಣ್ಣ ಕೊಲ್ಲಿಗೆ ಸಂತ ಲಾರೆನ್ಸರ ಹೆಸರಿಟ್ಟ. ಮುಂದೆ ನಕ್ಷೆ ಬರೆಯುವವರ ಕೈಯಲ್ಲಿ ಆ ಹೆಸರು ಇಡೀ ಖಾರಿಗೆ, ಆಮೇಲೆ ಇಡೀ ನದಿಗೆ ಹಬ್ಬಿತು. ಅದಕ್ಕೂ ಮೊದಲು, 1500ರಲ್ಲಿ, ಕಲ್ಲಿಕೋಟೆಗೆ ಹೊರಟಿದ್ದ ಕಬ್ರಾಲ್‌ನ ಪೋರ್ಚುಗೀಸ್ ನೌಕಾಪಡೆಯಿಂದ ಬಿರುಗಾಳಿಗೆ ಸಿಕ್ಕಿ ಬೇರ್ಪಟ್ಟ ದಿಯೊಗೊ ದಿಯಾಸ್‌ಗೆ ಒಂದು ದೊಡ್ಡ ದ್ವೀಪ ಕಂಡಿತು. ದಿನಾಂಕ ಆಗಸ್ಟ್ 10. ಹಾಗಾಗಿ ಮಡಗಾಸ್ಕರ್ ಪೋರ್ಚುಗೀಸರಿಗೆ ಬಹುಕಾಲ ಸಾವ್ ಲೊರೆನ್ಸು ದ್ವೀಪ. ಅಲ್ಲಿ ಅದಾಗಲೇ ಬದುಕಿದ್ದ ಜನಕ್ಕೆ ತಮ್ಮ ನೆಲದ ಈ ಹೊಸ ನಾಮಕರಣದ ಸುದ್ದಿಯೇ ಇರಲಿಲ್ಲ ಎನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ.

ಆಗಸ್ಟ್ ಎರಡನೇ ವಾರದಲ್ಲಿ ಪರ್ಸಿಯಸ್ ನಕ್ಷತ್ರಪುಂಜದ ಕಡೆಯಿಂದ ಸುರಿಯುವ ಉಲ್ಕಾಪಾತವನ್ನು ಯುರೋಪಿನ ಹಳ್ಳಿಗರು 'ಸಂತ ಲಾರೆನ್ಸರ ಕಣ್ಣೀರು' ಎಂದರು. ಇಟಲಿಯಲ್ಲಿ ಈಗಲೂ ಆ ರಾತ್ರಿ ಜನ ಬಯಲಿಗೆ ಹೋಗಿ ಮಲಗಿ ಆಕಾಶ ನೋಡುತ್ತಾರೆ. ಸ್ವಿಫ್ಟ್-ಟಟಲ್ ಎಂಬ ಧೂಮಕೇತು ಬಿಟ್ಟುಹೋದ ಧೂಳು ಅದು. ತಾರಕಕ್ಕೇರುವುದು 12-13ರ ಸುಮಾರಿಗೆ. ನಮ್ಮಲ್ಲಿ ಅದು ಮಳೆಗಾಲ, ಮೋಡ ಬಿಟ್ಟರೆ ಬೇರೇನೂ ಕಾಣದು.

ಕರ್ನಾಟಕಕ್ಕೆ ಈ ಸಂತ ಬಂದದ್ದು ಪೋರ್ಚುಗೀಸರ ದಾರಿಯಲ್ಲಿ, ಗೋವಾದಿಂದ ಕೆಳಗಿಳಿದ ಕೊಂಕಣಿ ಕ್ಯಾಥೊಲಿಕರ ಜೊತೆಗೆ. ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿನ ಅತ್ತೂರಿನಲ್ಲಿ ಇವರ ಇಗರ್ಜಿ ಇದೆ. 2016ರಿಂದ ಅದು ಬಸಿಲಿಕಾ. ಇಗರ್ಜಿಗೆ ಜಾಗ ಹುಡುಕುತ್ತ ಸಂತನ ಪುಟ್ಟ ಮರದ ಪ್ರತಿಮೆಯನ್ನು ಹೊತ್ತು ಹೊರಟವರು ದಣಿವಾರಿಸಿಕೊಳ್ಳಲು ಅದನ್ನು ನೆಲಕ್ಕಿಳಿಸಿದರಂತೆ, ಮತ್ತೆ ಎತ್ತಲು ಹೋದರೆ ಅಲುಗಲಿಲ್ಲವಂತೆ, ಅಲ್ಲೇ ಇಗರ್ಜಿ ಕಟ್ಟಿದರಂತೆ. ನಮ್ಮ ಅದೆಷ್ಟು ದೇವಸ್ಥಾನಗಳ ಸ್ಥಳಪುರಾಣ ಇದೇ ಎರಕದ್ದು! ಕರಾವಳಿಯ ಮಣ್ಣು ಯಾವ ದೇವರನ್ನೂ ತನ್ನ ಕಥೆಯೊಳಗೆ ಎಳೆದುಕೊಳ್ಳದೆ ಬಿಡುವುದಿಲ್ಲ. ಗಮನಿಸಬೇಕಾದ ಇನ್ನೊಂದು ಸಂಗತಿ, ಅತ್ತೂರಿನ ದೊಡ್ಡ ಜಾತ್ರೆ ಆಗಸ್ಟಿನಲ್ಲಿ ನಡೆಯುವುದಲ್ಲ, ಜನವರಿ ಕೊನೆಯಲ್ಲಿ. ಹಿಂದೂ, ಮುಸ್ಲಿಂ, ಕ್ರೈಸ್ತ ಎನ್ನದೆ ಬಂದು ಮೇಣದಬತ್ತಿ ಹಚ್ಚಿ ಹರಕೆ ಒಪ್ಪಿಸುತ್ತಾರೆ. ರೋಮಿನಿಂದ ಇಲ್ಲಿಯವರೆಗೆ ತಾರೀಖಿನ ಬೆನ್ನ ಮೇಲೆ ಬಂದ ಹೆಸರು, ಇಲ್ಲಿ ತಾರೀಖನ್ನು ಬಿಟ್ಟು ನಿಂತಿದೆ. ಮಂಗಳೂರಿನ ಬೊಂದೇಲ್ ಚರ್ಚಿನಲ್ಲೂ ಇವರೇ ಸಂತರು. ದಕ್ಷಿಣ ಕನ್ನಡ, ಉಡುಪಿ ಕಡೆಯ ಕ್ಯಾಥೊಲಿಕರಲ್ಲಿ ಲಾರೆನ್ಸ್ ಎಂಬ ಹೆಸರು ಸಾಮಾನ್ಯವಾಗಿ ಸಿಗುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಹೀಗೆ ಹೋದಲ್ಲೆಲ್ಲ ಹೆಸರಿನ ಉಚ್ಚಾರ ಆಯಾ ನಾಲಿಗೆಗೆ ಬಾಗಿತು. ಲ್ಯಾಟಿನ್ನಿನ 'ಔ' ಸ್ವರ ಇಟಲಿ, ಸ್ಪೇನ್‌ಗಳಲ್ಲಿ 'ಒ' ಆಗಿ ಲೊರೆಂಜೊ, ಲೊರೆನ್ಸೊ ಹುಟ್ಟಿದವು. ಕೊನೆಯ 'ಟಿಯುಸ್' ಒಂದೊಂದು ಕಡೆ ಒಂದೊಂದು ರೀತಿ ಕರಗಿತು. ಜರ್ಮನಿಯಲ್ಲಿ ಲೊರೆನ್ಸ್, ಹಂಗೇರಿಯಲ್ಲಿ ಲೊರಿಂಟ್ಸ್, ರಷ್ಯಾದಲ್ಲಿ ಲವ್ರೆಂತಿ. ಸ್ಟಾಲಿನ್‌ನ ಗುಪ್ತಪೊಲೀಸ್ ಮುಖ್ಯಸ್ಥ ಬೇರಿಯಾನ ಹೆಸರು ಇದೇ. ಭಿಕ್ಷುಕರನ್ನು ಚರ್ಚಿನ ಸಂಪತ್ತು ಎಂದವನ ಹೆಸರು ಯಾರ ಪಾಲಿಗೆ ಬಂತು ನೋಡಿ! ಪೋಲೆಂಡಿನವರು 'ಲ'ವನ್ನೇ ಬಿಟ್ಟು ವಾವ್ಝಿನ್ಯೆಟ್ಸ್ ಎನ್ನುತ್ತಾರೆ. ಅದನ್ನು ಲಾರೆನ್ಸ್ ಎಂದು ಗುರುತಿಸಲು ಪಾದ್ರಿಯ ಸಹಾಯ ಬೇಕು. ಫ್ರಾನ್ಸಿನಲ್ಲಿ ಗಂಡಿಗೆ ಲೋರಾಂ, ಹೆಣ್ಣಿಗೆ ಲೋರಾಂಸ್. ಬರೆಯುವಾಗ ಈ ಹೆಣ್ಣುಹೆಸರು ಮತ್ತು ಇಂಗ್ಲಿಷಿನ ಗಂಡುಹೆಸರು ಲಾರೆನ್ಸ್ ಅಕ್ಷರಕ್ಕೆ ಅಕ್ಷರ ಒಂದೇ ಆಗಬಹುದು. ಫ್ರೆಂಚ್ ಸಹೋದ್ಯೋಗಿಗೆ ಇಮೇಲಿನಲ್ಲಿ 'ಮಿಸ್ಟರ್' ಹಾಕುವ ಮೊದಲು ಎರಡು ಸಲ ಯೋಚಿಸಿ. ಐರ್ಲೆಂಡಿನಲ್ಲಿ ಉಲ್ಟಾ ನಡೆಯಿತು. ಅಲ್ಲಿನ ಲೋರ್ಕಾನ್ ಎಂಬ ದೇಸಿ ಹೆಸರಿಗೂ ಲ್ಯಾಟಿನ್ನಿಗೂ ನಂಟಿಲ್ಲ, ಆದರೆ ಸದ್ದು ಹತ್ತಿರವಿದ್ದ ಕಾರಣ 1180ರಲ್ಲಿ ತೀರಿಕೊಂಡ ಡಬ್ಲಿನ್ನಿನ ಆರ್ಚ್‌ಬಿಷಪ್ ಲೋರ್ಕಾನ್ ಚರ್ಚಿನ ದಾಖಲೆಯಲ್ಲಿ ಲಾರೆನ್ಸ್ ಆದರು.

ಎಲ್ಲಕ್ಕಿಂತ ಹೆಚ್ಚು ಸವೆದದ್ದು ಸ್ಕ್ಯಾಂಡಿನೇವಿಯಾದಲ್ಲಿ. ಲೌರೆಂಟಿಯುಸ್ ಅಲ್ಲಿ ಲೌರೆನ್ಸ್ ಆಗಿ, ನಡುವಿನದೆಲ್ಲ ಉದುರಿ ಬರೀ ಲಾರ್ಸ್ ಉಳಿಯಿತು. ಲಾರ್ಸ್‌ನ ಮಗ ಡೆನ್ಮಾರ್ಕಿನಲ್ಲಿ ಲಾರ್ಸನ್. ಮೊದಲು ಇದು ಪ್ರತಿ ತಲೆಮಾರಿಗೂ ಬದಲಾಗುತ್ತಿತ್ತು. 19ನೇ ಶತಮಾನದಲ್ಲಿ ಸರ್ಕಾರ ಮನೆತನದ ಹೆಸರು ಒಂದೇ ಇರಲಿ ಎಂದದ್ದರಿಂದ ಆ ಹೊತ್ತಿಗೆ ಯಾರ ಅಪ್ಪನೋ ಅಜ್ಜನೋ ಲಾರ್ಸ್ ಆಗಿದ್ದನೋ ಅವರೆಲ್ಲ ಕಾಯಂ ಲಾರ್ಸನ್ನರಾದರು. ಅಂಥ ಒಬ್ಬ ಡೇನಿಷ್ ಎಂಜಿನಿಯರ್ ಹೆನ್ನಿಂಗ್ ಹಾಲ್ಕ್-ಲಾರ್ಸನ್, ಗೆಳೆಯ ಸೋರೆನ್ ಟೂಬ್ರೊ ಜೊತೆ 1938ರಲ್ಲಿ ಮುಂಬೈಯಲ್ಲಿ ಶುರುಮಾಡಿದ್ದೇ ಲಾರ್ಸನ್ ಅಂಡ್ ಟೂಬ್ರೊ. ಮೆಟ್ರೊ ಕಾಮಗಾರಿಯ ತಗಡಿನ ಬೇಲಿಯ ಮೇಲೆ ನಾವು ಓದುವ ಎಲ್ ಅಕ್ಷರದ ಬೇರು ಹೀಗೆ ಆ ಡೀಕನ್‌ನವರೆಗೆ ಹೋಗುತ್ತದೆ. ಊಟಿ ಹತ್ತಿರ ಲವ್‌ಡೇಲಿನಲ್ಲಿರುವ, 1858ರಲ್ಲಿ ಆರಂಭವಾದ ಲಾರೆನ್ಸ್ ಶಾಲೆಗೆ ಹೆಸರು ಬಂದದ್ದೂ ಮನೆತನದ ಹೆಸರಿನಿಂದಲೇ. 1857ರ ಲಖನೌ ಮುತ್ತಿಗೆಯಲ್ಲಿ ಸತ್ತ ಬ್ರಿಟಿಷ್ ಅಧಿಕಾರಿ ಹೆನ್ರಿ ಲಾರೆನ್ಸ್ ಅದಕ್ಕೆ ಮೂಲ, ಸಂತನಲ್ಲ.

ಮನೆತನದ ಹೆಸರಾದ ಮೇಲೆ ಅದು ವಿಜ್ಞಾನಕ್ಕೂ ನುಗ್ಗಿತು. ಕಾಂತಕ್ಷೇತ್ರದಲ್ಲಿ ಚಲಿಸುವ ವಿದ್ಯುದಾವೇಶದ ಮೇಲೆ ಬೀಳುವ ಬಲಕ್ಕೆ ಹೆಸರು ಕೊಟ್ಟ ಹೆಂಡ್ರಿಕ್ ಲೊರೆಂಟ್ಸ್ ಡಚ್ಚರವರು, 1902ರ ನೊಬೆಲ್ ವಿಜೇತ. ಅವರಿಗಿಂತ ಹಿರಿಯ ಇನ್ನೊಬ್ಬ ಭೌತವಿಜ್ಞಾನಿ, ಡೆನ್ಮಾರ್ಕಿನ ಲುಡ್ವಿಗ್ ಲೊರೆನ್ಸ್. ಇಂಗ್ಲಿಷ್ ಅಕ್ಷರಗಳಲ್ಲಿ ಇಬ್ಬರ ಹೆಸರಿಗೂ ಇರುವ ವ್ಯತ್ಯಾಸ ಒಂದು 'ಟಿ' ಮಾತ್ರ. ಒಬ್ಬರದನ್ನು ಇನ್ನೊಬ್ಬರ ತಲೆಗೆ ಕಟ್ಟುವ ಪುಸ್ತಕಗಳು ಇಂದಿಗೂ ಸಿಗುತ್ತವೆ. ಸಾಲದ್ದಕ್ಕೆ ಇಬ್ಬರೂ ಬೇರೆ ಬೇರೆಯಾಗಿ ಬೆಳಕಿನ ವಕ್ರೀಭವನದ ಬಗ್ಗೆ ಒಂದೇ ಸೂತ್ರ ಕಂಡುಹಿಡಿದರು. ಅದಕ್ಕೆ ಲೊರೆಂಟ್ಸ್-ಲೊರೆನ್ಸ್ ಸಮೀಕರಣವೆಂದೇ ಹೆಸರು! ಬ್ರೆಜಿಲ್‌ನಲ್ಲಿ ಚಿಟ್ಟೆ ರೆಕ್ಕೆ ಬಡಿದರೆ ಟೆಕ್ಸಾಸ್‌ನಲ್ಲಿ ಸುಂಟರಗಾಳಿ ಏಳುವುದೇ ಎಂದು 1972ರಲ್ಲಿ ಕೇಳಿದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆನ್ಸ್ ಮೂರನೆಯವರು. ಪರಮಾಣು ಕಣಗಳ ವೇಗ ಹೆಚ್ಚಿಸುವ ಸೈಕ್ಲೊಟ್ರಾನ್ ಯಂತ್ರ ಕಂಡುಹಿಡಿದು 1939ರಲ್ಲಿ ನೊಬೆಲ್ ಪಡೆದ ಅರ್ನೆಸ್ಟ್ ಲಾರೆನ್ಸ್ ನೆನಪಿಗೆ 1961ರಲ್ಲಿ ಸೃಷ್ಟಿಯಾದ 103ನೇ ಮೂಲಧಾತು ಲಾರೆನ್ಸಿಯಂ. ಅದರ ಯಾವ ರೂಪವೂ ಬಹಳ ಹೊತ್ತು ಬಾಳುವುದಿಲ್ಲ.

ಈ ಹೆಸರಿನ ಅತಿ ದೊಡ್ಡ ನೆಗೆತ ಭೂವಿಜ್ಞಾನದಲ್ಲಿದೆ. ಸೇಂಟ್ ಲಾರೆನ್ಸ್ ನದಿಯ ಸುತ್ತಲಿನ ಪುರಾತನ ಬಂಡೆಗಳ ಅಧ್ಯಯನದಿಂದ, ಉತ್ತರ ಅಮೆರಿಕದ ಹಳೆಯ ಗಟ್ಟಿ ನೆಲೆಗಟ್ಟಿಗೆ ಲಾರೆನ್ಷಿಯಾ ಎಂಬ ಹೆಸರು ಬಂತು. ಅದಕ್ಕೆ ಯುರೇಷಿಯಾ ಸೇರಿಸಿ ಲಾರೇಷಿಯಾ ಎಂದರು. ಸುಮಾರು 20 ಕೋಟಿ ವರ್ಷಗಳ ಹಿಂದೆ ಒಂದಾಗಿದ್ದ ಭೂಖಂಡ ಒಡೆಯತೊಡಗಿದಾಗ ಉತ್ತರದ ಹೋಳು ಅದು. ದಕ್ಷಿಣದ ಹೋಳು ಗೊಂಡ್ವಾನ, ಮಧ್ಯಭಾರತದ ಗೊಂಡರ ನಾಡಿನಿಂದ ಬಂದ ಹೆಸರು. ಧಾರವಾಡದ ಶಿಲಾಸ್ತರಗಳೂ ನಮ್ಮ ಕಾಲ ಕೆಳಗಿನ ಇಡೀ ಪರ್ಯಾಯದ್ವೀಪವೂ ಇದ್ದದ್ದು ಈ ಗೊಂಡ್ವಾನದಲ್ಲಿ. ಅಂದರೆ ಭೂಮಿಯ ಒಂದು ಅರ್ಧಕ್ಕೆ ನಮ್ಮ ಬುಡಕಟ್ಟಿನ ಹೆಸರು, ಇನ್ನೊಂದು ಅರ್ಧಕ್ಕೆ ಒಬ್ಬ ಸಂತನದು.

ಅಲ್ಲಿಗೂ ನಿಲ್ಲದೆ, ಲಾರೇಷಿಯಾದಲ್ಲಿ ವಿಕಾಸಗೊಂಡವೆಂದು ತರ್ಕಿಸಿದ ಸಸ್ತನಿಗಳ ಗುಂಪಿಗೆ ಜೀವವಿಜ್ಞಾನಿಗಳು ಲಾರೇಷಿಯಾಥೀರಿಯಾ ಎಂದು ಹೆಸರಿಟ್ಟಿದ್ದಾರೆ. ಹಟ್ಟಿಯ ಹಸು, ಎಮ್ಮೆ, ಬೀದಿನಾಯಿ, ಬೆಕ್ಕು, ಕುದುರೆ, ಹಂದಿ, ಬಾವಲಿ, ತಿಮಿಂಗಿಲ ಎಲ್ಲ ಇದರೊಳಗೆ. ಆನೆ ಇಲ್ಲ, ಅದು ಆಫ್ರಿಕಾ ಮೂಲದ ಗುಂಪು. ಮಂಗ, ಅಳಿಲು, ಮೊಲ, ನಾವು ನೀವು ಕೂಡ ಇಲ್ಲ.

ಕೊನೆಗೆ, ಸದ್ದು ಕೇಳಿ ಮೋಸ ಹೋಗಬಾರದ ಕೆಲವು. ಲಾರಾ ಎಂಬ ಹೆಣ್ಣುಹೆಸರಿಗೆ ಮೂಲ ಅದೇ ಲೌರುಸ್ ಮರವಾದರೂ ಅದು ಲೌರೆಂಟಿಯುಸ್‌ನ ಮಗಳಲ್ಲ, ದಾಯಾದಿ ಅಷ್ಟೇ. ಕ್ರಿಕೆಟಿಗ ಬ್ರಯಾನ್ ಲಾರಾರ ಮನೆತನದ ಹೆಸರು ಸ್ಪೇನಿನ ಒಂದು ಊರಿನದು, ಮರಕ್ಕೂ ಸಂತನಿಗೂ ಸಂಬಂಧವಿಲ್ಲ. ಲೊರೇನ್ ಬಂದದ್ದು ಲೊಥಾರ್ ಎಂಬ ರಾಜನ ಹೆಸರಿನಿಂದ. ಇನ್ನು ಜಲ್ಲಿ, ಮರಳು ಹೊರುವ ನಮ್ಮ ಲಾರಿ? ಇಂಗ್ಲಿಷ್ ನಿಘಂಟುಕಾರರು ಅದರ ಮೂಲವನ್ನು ಇನ್ನೂ ಖಚಿತಪಡಿಸಿಲ್ಲ. ಲಾರೆನ್ಸ್‌ನ ಮೊಟಕು ರೂಪವಾದ ಲಾರಿ ಎಂಬ ಯಾರದೋ ಹೆಸರಿನಿಂದ ಬಂದಿರಬಹುದು ಎಂಬ ಊಹೆಯೊಂದು ಮಾತ್ರ ಇದೆ.